ಮೂಗು ಒದ್ದೆಯಿದ್ದರೂ ಜ್ವರ ಇರಬಹುದು

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಬಾರಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಕುನಾಯಿಗಳ ಕಾಯಿಲೆಗೆ ಸಂಬಂಧಿಸಿದವು. ಇದು ಹಾಲಿನ ಸೀಮೆ. ಸೀಮೆಹಸು ಕಟ್ಟಿದವರಿಗೆ ಹಸುವಿನ ಆರೋಗ್ಯ ಕೆಟ್ಟರೆ ಅಂದು ಸಂಜೆಯೇ ಡೇರಿಯ ಅಳತೆಯಲ್ಲಿ ಗೊತ್ತಾಗುತ್ತದೆ. ಅರ್ಧ ಲೀಟರ್ ಕಡಿಮೆಯಾದರೂ ಮನೆಯವರು ಮೇವು ನೋಡುತ್ತಾರೆ, ಮೈ ಮುಟ್ಟಿ ನೋಡುತ್ತಾರೆ, ಡಾಕ್ಟರಿಗೆ ಹೇಳಿ ಕಳಿಸುತ್ತಾರೆ. ಅದೇ ಮನೆಯ ಬಾಗಿಲಲ್ಲಿ ಮಲಗಿರುವ ನಾಯಿಗೆ ಅಂಥ ಅಳತೆ ಯಾವುದೂ ಇಲ್ಲವಾದ್ದರಿಂದ, ಅದರ ಕಾಯಿಲೆ ನಾಲ್ಕೈದು ದಿನ ಹಳತಾದ ಮೇಲೆ ನಮ್ಮ ಮೇಜಿನ ಮೇಲೆ ಬರುತ್ತದೆ. ಆ ಅಳತೆಯನ್ನು ಮನೆಯಲ್ಲೇ ಹೇಗೆ ಮಾಡಿಕೊಳ್ಳಬಹುದು ಎಂಬುದನ್ನೇ ಈ ಉತ್ತರಗಳಲ್ಲಿ ಹೇಳಲು ಯತ್ನಿಸಿದ್ದೇನೆ. ತುರ್ತು ಸ್ವರೂಪದ ಪತ್ರಗಳಿಗೆ ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಫೋನಿನಲ್ಲೇ ಉತ್ತರಿಸಲಾಗಿದೆ. ಅವನ್ನು ಇಲ್ಲಿ ಕೊಟ್ಟಿರುವುದು ಉಳಿದ ಓದುಗರ ಉಪಯೋಗಕ್ಕೆ.

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ನಾಟಿ ನಾಯಿ. ಎರಡು ದಿನದಿಂದ ಮುದ್ದೆ ಮುಟ್ಟಿಲ್ಲ, ಮೂಲೆ ಹಿಡಿದು ಮಲಗಿದೆ. ಮೂಗು ಮಾತ್ರ ಒದ್ದೆಯಾಗಿ ತಣ್ಣಗಿದೆ. ಮೂಗು ಒದ್ದೆಯಿದ್ದರೆ ಕಾಯಿಲೆಯೇನೂ ಇರುವುದಿಲ್ಲ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಇದು ನಿಜವೇ? (ಕೋಲಾರ)

ಉತ್ತರ: ತಮ್ಮ ತಂದೆಯವರ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೇನೆ, ನನ್ನ ಅಜ್ಜನೂ ಹಾಗೇ ಹೇಳುತ್ತಿದ್ದರು. ಆದರೆ ಅದನ್ನು ನಂಬಿ ಕೂರುವಂತಿಲ್ಲ. ನಾಯಿಯ ಮೂಗು ಒದ್ದೆಯಾಗಿರುವುದು ಒಳಗಿನ ಗ್ರಂಥಿಗಳ ಸ್ರಾವದಿಂದ ಮತ್ತು ಅದು ಆಗಾಗ ಮೂಗನ್ನು ನೆಕ್ಕಿಕೊಳ್ಳುವುದರಿಂದ. ಬಿಸಿಲಲ್ಲಿ ಮಲಗಿ ಎದ್ದ ಆರೋಗ್ಯವಂತ ನಾಯಿಯ ಮೂಗು ಒಣಗಿರುತ್ತದೆ. 104 ಡಿಗ್ರಿ ಜ್ವರವಿದ್ದ ನಾಯಿಯ ಮೂಗು ತಣ್ಣಗಿದ್ದುದನ್ನೂ ನಾನು ಕಂಡಿದ್ದೇನೆ.

ಜ್ವರವನ್ನು ತಿಳಿಯಲು ಥರ್ಮಾಮೀಟರ್ ಒಂದೇ ದಾರಿ. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು, ಅದನ್ನು ನಾಯಿಗೆಂದೇ ಬೇರೆ ಇಡಬೇಕು. ತುದಿಗೆ ಕೊಬ್ಬರಿ ಎಣ್ಣೆ ಸವರಿ, ಒಬ್ಬರು ನಾಯಿಯ ತಲೆಯನ್ನು ತಬ್ಬಿ ಮಾತನಾಡಿಸುತ್ತಿರುವಾಗ ಇನ್ನೊಬ್ಬರು ಬಾಲವನ್ನು ಮೆಲ್ಲಗೆ ಎತ್ತಿ, ಗುದದ್ವಾರದೊಳಗೆ ಸುಮಾರು ಒಂದು ಅಂಗುಲ ಇಟ್ಟು, ಅದು ಶಬ್ದ ಮಾಡುವವರೆಗೆ ಹಿಡಿದಿರಬೇಕು. ನಾಯಿಯ ಸಹಜ ಉಷ್ಣಾಂಶ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ 98.6ನ್ನು ಮನಸ್ಸಿನಲ್ಲಿಟ್ಟುಕೊಂಡು 101 ಕಂಡ ಕೂಡಲೇ ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವರೂ ಇದ್ದಾರೆ. 103 ದಾಟಿದರೆ ಜ್ವರ. 104 ದಾಟಿದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. 99ಕ್ಕಿಂತ ಕೆಳಗಿಳಿದರೂ ಅಷ್ಟೇ ಅಪಾಯ, ಮೈ ತಣ್ಣಗಿದೆಯೆಂದು ಸಮಾಧಾನಪಡುವಂತಿಲ್ಲ.

ಎರಡನೆಯದಾಗಿ, ಮೇಲಿನ ತುಟಿಯನ್ನು ಎತ್ತಿ ಒಸಡು ನೋಡಿ. ಅದು ತಿಳಿ ಗುಲಾಬಿ ಬಣ್ಣದಲ್ಲಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಒತ್ತಿದ ಜಾಗ ಬಿಳಿಚಿಕೊಂಡು ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣಕ್ಕೆ ಬರಬೇಕು; ತಡವಾದರೆ ರಕ್ತಸಂಚಾರ ಕುಗ್ಗಿದೆ ಎಂದರ್ಥ. ಸುಣ್ಣದಂತೆ ಬಿಳುಪಾಗಿದ್ದರೆ ರಕ್ತ ಕಡಿಮೆಯಾಗಿದೆ, ಹಳದಿಯಾಗಿದ್ದರೆ ಕಾಮಾಲೆ, ನೀಲಿಯಾಗಿದ್ದರೆ ಉಸಿರಾಟಕ್ಕೆ ಅಡ್ಡಿಯಾಗಿದೆ. ನಮ್ಮ ನಾಟಿ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಹುಟ್ಟಿನಿಂದಲೇ ಒಸಡು ಕಪ್ಪಗಿರುತ್ತದೆ. ಅಂಥವುಗಳಲ್ಲಿ ಕೆಳರೆಪ್ಪೆಯನ್ನು ಜಗ್ಗಿ ಒಳಭಾಗದ ಬಣ್ಣ ನೋಡಬೇಕು. ಮೂರನೆಯದು ಉಸಿರು. ನಾಯಿ ಗಾಢ ನಿದ್ರೆಯಲ್ಲಿರುವಾಗ ಎದೆ ಎಷ್ಟು ಬಾರಿ ಏರುತ್ತದೆ ಎಂದು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ, 10ರಿಂದ 30ರೊಳಗೆ ಬರಬೇಕು. ಓಡಿ ಬಂದು ನಾಲಿಗೆ ಚಾಚಿ ತೇಕುತ್ತಿರುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ದಿನವೂ ನಿದ್ರೆಯಲ್ಲೇ 30ನ್ನು ಮೀರುತ್ತಿದ್ದರೆ, ಅದೂ ವಯಸ್ಸಾದ ನಾಯಿಯಲ್ಲಿ, ಹೃದಯ ಅಥವಾ ಶ್ವಾಸಕೋಶವನ್ನು ಪರೀಕ್ಷಿಸಬೇಕಾಗುತ್ತದೆ. ಈ ಮೂರನ್ನೂ ನಾಯಿ ಚೆನ್ನಾಗಿರುವಾಗಲೇ ಒಮ್ಮೆ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಕಾಯಿಲೆಯ ದಿನ ಹೋಲಿಸಿ ನೋಡಲು ಬೇಕಾಗುವುದು ಪುಸ್ತಕದ ಅಂಕಿಗಿಂತ ನಿಮ್ಮ ನಾಯಿಯ ಅಂಕಿಯೇ.

ಒಮ್ಮೆ ರೈತರೊಬ್ಬರು ತಮ್ಮ ನಾಯಿಯನ್ನು ಟಿ.ವಿ.ಎಸ್. ಗಾಡಿಯ ಮುಂದೆ ಕೂರಿಸಿಕೊಂಡು ಬಂದರು. ಏನಾಗಿದೆ ಎಂದರೆ, "ಏನೂ ಆಗಿಲ್ಲ ಸಾರ್, ಊಟ ಮಾಡ್ತದೆ. ದಿನಾ ಬೆಳಿಗ್ಗೆ ಕ್ಯಾನ್ ಎತ್ತಿದ ಸದ್ದಿಗೇ ಎದ್ದು ಡೇರಿ ತನಕ ಬರ್ತಿತ್ತು, ಇವತ್ತು ತಲೆ ಎತ್ತಿ ನೋಡಿ ಮತ್ತೆ ಮಲಗ್ತು" ಎಂದರು. ಥರ್ಮಾಮೀಟರ್ 104.6 ತೋರಿಸಿತು. ಊಟ ಬಿಡುವ ಮೊದಲೇ ಕಾಯಿಲೆ ಹಿಡಿದದ್ದರಿಂದ ಆ ನಾಯಿ ವಾರದೊಳಗೆ ಸುಧಾರಿಸಿತು. ನಾಯಿ ನೋವನ್ನು ಕೂಗಿ ಹೇಳುವುದು ಅಪರೂಪ, ಬಹುಪಾಲು ಅದನ್ನು ಅಡಗಿಸಿಕೊಳ್ಳುತ್ತದೆ. ಹಾಗಾಗಿ ಮನೆಯವರು "ಯಾಕೋ ಎಂದಿನಂತಿಲ್ಲ" ಎಂದಾಗ ಅದನ್ನೂ ಒಂದು ರೋಗಲಕ್ಷಣವೆಂದೇ ನಾನು ಬರೆದುಕೊಳ್ಳುತ್ತೇನೆ.

ಬೆಳೆದ ನಾಯಿ ಒಂದು ಹೊತ್ತು ಊಟ ಬಿಟ್ಟು ಲವಲವಿಕೆಯಿಂದ ಓಡಾಡುತ್ತಿದ್ದರೆ ಕಾಯಬಹುದು. ಇಪ್ಪತ್ನಾಲ್ಕು ಗಂಟೆ ಮೀರಿದರೆ, ಜೊತೆಗೆ ಮಂಕಾಗಿದ್ದರೆ, ಕಾಯಬಾರದು. ತಮ್ಮ ನಾಯಿಗೆ ಎರಡು ದಿನವಾಗಿದೆ. ಮೂರು ತಿಂಗಳೊಳಗಿನ ಮರಿಯಾದರೆ ಅರ್ಧ ದಿನವೂ ಹೆಚ್ಚು. ವಾಂತಿಯೂ ನಾರುವ ರಕ್ತಭೇದಿಯೂ ಸೇರಿದರೆ ಅದು ಪಾರ್ವೋ ಎಂಬ ವೈರಸ್ ಕಾಯಿಲೆ ಇರಬಹುದು, ಅದಕ್ಕೆ ಗಂಟೆಗಳ ಲೆಕ್ಕ.

ಪ್ರಶ್ನೆ: ಎಂಟು ತಿಂಗಳ ಲ್ಯಾಬ್ರಡಾರ್ ಮೂರು ದಿನದಿಂದ ವಾಂತಿ ಮಾಡುತ್ತಿದೆ. ಮೊದಲು ತಿಂದದ್ದೆಲ್ಲ ಬಂತು, ಈಗ ನೀರು ಕುಡಿದರೂ ಹಳದಿ ನೀರಾಗಿ ಹೊರಗೆ ಬರುತ್ತದೆ. ಮಾವಿನ ಸುಗ್ಗಿಯಾದ್ದರಿಂದ ಮಕ್ಕಳು ಹಣ್ಣು ಹಾಕುತ್ತಿದ್ದರು. ಹಣ್ಣಿನ ಉಷ್ಣ ಇರಬಹುದೇ? (ಶ್ರೀನಿವಾಸಪುರ)

ಉತ್ತರ: ಉಷ್ಣವಲ್ಲ, ವಾಟೆಯ ಅನುಮಾನ ನನಗಿದೆ. ಶ್ರೀನಿವಾಸಪುರದ ಮಂಡಿಗಳಲ್ಲಿ ಲಾರಿಗಟ್ಟಲೆ ಮಾವು ಇಳಿಯುವ ತಿಂಗಳುಗಳಲ್ಲಿ ಈ ಭಾಗದ ಪಶುವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು. ಲ್ಯಾಬ್ರಡಾರ್ ಅಗಿಯುವುದಕ್ಕಿಂತ ನುಂಗುವುದರಲ್ಲಿ ಮುಂದು. ರಸ ಹೀರಿ ಜಾರುವಂತಾದ ವಾಟೆ ಗಂಟಲಿನಲ್ಲಿ ಸುಲಭವಾಗಿ ಇಳಿದು, ಹೊಟ್ಟೆಯಲ್ಲಿ ಕೆಲವೊಮ್ಮೆ ವಾರಗಟ್ಟಲೆ ಸುಮ್ಮನಿದ್ದು, ಆಮೇಲೆ ಸಣ್ಣಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ಕರಗುವ ವಸ್ತುವಲ್ಲ. ಸುಗ್ಗಿ ಮುಗಿದ ಮೇಲೆ ವಾಂತಿ ಶುರುವಾಯಿತು, ಹಾಗಾಗಿ ಮಾವು ಕಾರಣವಲ್ಲ ಎಂದು ತರ್ಕಿಸುವುದೂ ತಪ್ಪು.

ಅಜೀರ್ಣದ ವಾಂತಿಯಾದರೆ ಒಂದೆರಡು ಬಾರಿಗೆ ನಿಂತು ನಾಯಿ ಚೇತರಿಸಿಕೊಳ್ಳುತ್ತದೆ. ಅಡಚಣೆಯ ವಾಂತಿ ನಿಲ್ಲುವುದಿಲ್ಲ, ನೀರನ್ನೂ ಉಳಿಸುವುದಿಲ್ಲ, ಮಲ ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. ಹೊಟ್ಟೆ ಮುಟ್ಟಿದರೆ ಬಿಗಿಹಿಡಿಯುತ್ತದೆ. ಕೆಲವು ನಾಯಿಗಳು ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಎತ್ತಿ, ನಮಸ್ಕಾರ ಮಾಡುವ ಭಂಗಿಯಲ್ಲಿ ಹೊತ್ತುಗಟ್ಟಲೆ ನಿಲ್ಲುತ್ತವೆ. ಮನೆಯವರು ಅದನ್ನು ಆಟವೆಂದು ತಿಳಿದು ಫೋಟೊ ತೆಗೆದದ್ದೂ ಉಂಟು, ಅದು ಹೊಟ್ಟೆನೋವಿನ ಭಂಗಿ. ಹರಳೆಣ್ಣೆ ಕುಡಿಸುವುದು, ಉಪ್ಪುನೀರು ಹಾಕಿ ವಾಂತಿ ಮಾಡಿಸುವುದು ಬೇಡ. ಸಿಕ್ಕಿಕೊಂಡ ಜಾಗದಲ್ಲಿ ಕರುಳು ಹರಿಯುವ ಸಂಭವವಿದೆ. ವಾಟೆ ಎಕ್ಸ್-ರೇಯಲ್ಲಿ ಮೂಳೆಯಷ್ಟು ಸ್ಪಷ್ಟವಾಗಿ ಕಾಣದಿರಬಹುದಾದ್ದರಿಂದ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕಾದೀತು. ಹತ್ತಿರದಲ್ಲಿ ಆ ಅನುಕೂಲವಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ. ಮೂರು ದಿನ ಕಳೆದಿರುವುದರಿಂದ ಇನ್ನೊಂದು ರಾತ್ರಿ ನೋಡೋಣ ಎನ್ನುವುದು ಬೇಡ. ಮಾವಿನ ತಿರುಳನ್ನು ಹೆಚ್ಚಿ ಒಂದೆರಡು ಹೋಳು ಕೊಟ್ಟರೆ ತೊಂದರೆಯಿಲ್ಲ, ವಾಟೆ ಮಾತ್ರ ಮುಚ್ಚಳವಿರುವ ಬುಟ್ಟಿಗೇ ಹೋಗಬೇಕು.

ಪ್ರಶ್ನೆ: ನಮ್ಮ ತೋಟದ ನಾಯಿ ಉದುರಿದ ದ್ರಾಕ್ಷಿ ತಿನ್ನುತ್ತದೆ. ದ್ರಾಕ್ಷಿ ನಾಯಿಗೆ ವಿಷವೆನ್ನುತ್ತಾರೆ, ನಮ್ಮದಕ್ಕೆ ಏನೂ ಆಗಿಲ್ಲವಲ್ಲ? (ಚಿಕ್ಕಬಳ್ಳಾಪುರ)

ಉತ್ತರ: ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ಒಂದು ಹಿಡಿ ಹಣ್ಣಿಗೇ ಮೂತ್ರಪಿಂಡ ಕೈಕೊಡುತ್ತದೆ, ಯಾವುದಕ್ಕೆ ಎಷ್ಟು ಎಂದು ಮೊದಲೇ ಹೇಳಲಾಗದಿರುವುದೇ ಇಲ್ಲಿನ ತೊಡಕು. ಒಣದ್ರಾಕ್ಷಿ ಇನ್ನೂ ಕೆಟ್ಟದ್ದು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಆಮೇಲೆ ಮಂಕು, ಒಂದರಿಂದ ಮೂರು ದಿನದೊಳಗೆ ಮೂತ್ರ ಕಡಿಮೆಯಾಗುವುದು ಇದರ ಕ್ರಮ. ತೋಟಕ್ಕೆ ಔಷಧಿ ಹೊಡೆದ ದಿನವಂತೂ ನಾಯಿಯನ್ನು ಕಟ್ಟಿಹಾಕಿ. ಒಮ್ಮೆಲೇ ಜೊಲ್ಲು ಸುರಿದು, ಮಾಂಸಖಂಡಗಳು ಅದುರಿ, ಕಣ್ಣಿನ ಪಾಪೆ ಸಾಸಿವೆಯಷ್ಟಾದರೆ ಅದು ದ್ರಾಕ್ಷಿಯದಲ್ಲ, ಕೀಟನಾಶಕದ್ದು. ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾಯಿಯ ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಬರುತ್ತಿದೆ. ಮೈಯಲ್ಲಿ ಉಣ್ಣೆ ಬಹಳ. ಬಿಸಿಲಿನ ಝಳಕ್ಕೆ ಹೀಗಾಗಿದೆಯೆಂದು ಎಳನೀರು, ಮಜ್ಜಿಗೆ ಕೊಡುತ್ತಿದ್ದೇವೆ. (ಚಿಂತಾಮಣಿ)

ಉತ್ತರ: ಎಳನೀರಿನಿಂದ ಹಾನಿಯೇನಿಲ್ಲ, ಆದರೆ ಕಾಯಿಲೆ ಅದರಿಂದ ವಾಸಿಯಾಗುವಂಥದ್ದಲ್ಲ. ಉಣ್ಣೆ ಕಚ್ಚುವುದರಿಂದ ಬರುವ ಜ್ವರಗಳಲ್ಲಿ ಎರಡನ್ನು ನಮ್ಮ ಕಡೆ ಮೇಲಿಂದ ಮೇಲೆ ಕಾಣುತ್ತೇವೆ. ಒಂದು ಬಬೇಸಿಯ. ಇದು ಕೆಂಪು ರಕ್ತಕಣಗಳ ಒಳಹೊಕ್ಕು ಅವನ್ನು ಒಡೆಯುತ್ತದೆ. ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಡಿಕಾಕ್ಷನ್ನಾಗಿ ಇಳಿಯುತ್ತದೆ, ಒಸಡು ದಿನದಿಂದ ದಿನಕ್ಕೆ ಬಿಳಿಚುತ್ತದೆ. ಇನ್ನೊಂದು ಎರ್ಲಿಕಿಯ. ಇದರಲ್ಲಿ ಪ್ಲೇಟ್ಲೆಟ್‌ಗಳು ಕುಸಿಯುವುದರಿಂದ ಮೂಗಿನಲ್ಲಿ ರಕ್ತ ಬರುವುದು, ಹೊಟ್ಟೆ ಮತ್ತು ಒಳತೊಡೆಯ ಚರ್ಮದ ಮೇಲೆ ಸೂಜಿಯಿಂದ ಚುಚ್ಚಿದಂಥ ಕೆಂಪು ಚುಕ್ಕೆಗಳೇಳುವುದು, ಜ್ವರ ಬಂದು ಬಿಟ್ಟು ಮಾಡುವುದು, ಇವತ್ತು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುವುದು ಕಾಣುತ್ತದೆ. ಎರಡೂ ಒಟ್ಟಿಗೆ ಬಂದಿರುವುದೂ ಉಂಟು. ರಕ್ತ ಪರೀಕ್ಷೆ ಮಾಡಿಸದೆ ಇವನ್ನು ಬೇರ್ಪಡಿಸಲಾಗದು. ಎರಡಕ್ಕೂ ಔಷಧ ಬೇರೆ ಬೇರೆ. ಎರ್ಲಿಕಿಯಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ಮೂರನೆಯ ದಿನಕ್ಕೇ ನಾಯಿ ಎದ್ದು ಮುದ್ದೆ ತಿನ್ನುತ್ತದೆ, ಮನೆಯವರು ಮಾತ್ರೆ ನಿಲ್ಲಿಸುತ್ತಾರೆ, ಕೆಲವು ತಿಂಗಳಲ್ಲಿ ಅದೇ ನಾಯಿ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಬರುತ್ತದೆ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಉಣ್ಣೆಯನ್ನು ಬೆನ್ನ ಮೇಲೆ ಹುಡುಕುವುದು ಸಾಲದು. ಕಿವಿಯ ಒಳಮಡಿಕೆ, ಕಾಲ್ಬೆರಳುಗಳ ಸಂದು, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ಬಾಲದ ಬುಡ, ಈ ಜಾಗಗಳಲ್ಲಿ ಅವು ಸಾಲಾಗಿ ಕೂತಿರುತ್ತವೆ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಚರ್ಮಕ್ಕೆ ಅಂಟಿಕೊಂಡಂತೆ ಚಿಮುಟದಲ್ಲಿ ಹಿಡಿದು ನೇರವಾಗಿ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ರಕ್ತ ಕುಡಿದು ಹುರುಳಿಕಾಳಿನಂತೆ ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕಿನಲ್ಲೋ ಕಲ್ಲುಚಪ್ಪಡಿಯ ಸಂದಿನಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ಆಹಾರವಿಲ್ಲದೆಯೂ ಬಹುಕಾಲ ಕಾಯಬಲ್ಲವು. ಹಾಗಾಗಿ ನಾಯಿಗೆ ಔಷಧ ಹಾಕಿದ ವಾರವೇ ಅದು ಮಲಗುವ ಜಾಗದ ಬಿರುಕುಗಳನ್ನು ಮುಚ್ಚಿಸಿ, ಹಳೆಯ ಗೋಣಿಚೀಲವನ್ನು ಸುಟ್ಟುಬಿಡಿ. ಇನ್ನೊಂದು ಮಾತು: ಹಸುವಿನ ಉಣ್ಣೆಗೆಂದು ತಂದಿಟ್ಟ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವ ಅಭ್ಯಾಸ ಹಳ್ಳಿಗಳಲ್ಲಿದೆ. ಗಾಢವಾದರೆ ನಾಯಿ ನಡುಗಿ ಬೀಳುತ್ತದೆ. ಅದನ್ನು ಮಾಡಬಾರದು.

ಪ್ರಶ್ನೆ: ಜ್ವರವಿದ್ದ ನಾಯಿಗೆ ಮನೆಯಲ್ಲಿದ್ದ ಜ್ವರದ ಮಾತ್ರೆಯನ್ನು ಅರ್ಧ ಕೊಡಬಹುದೇ? (ಬಂಗಾರಪೇಟೆ)

ಉತ್ತರ: ಕೊಡಬಾರದು. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ನಾಯಿಯ ಯಕೃತ್ತನ್ನೂ ರಕ್ತವನ್ನೂ ಕೆಡಿಸುತ್ತದೆ, ಬೆಕ್ಕಿಗಂತೂ ಒಂದು ಮಾತ್ರೆಯೇ ಪ್ರಾಣಕ್ಕೆ ಎರವಾಗಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇನ್ನೂ ಅಪಾಯಕಾರಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಈಗಾಗಲೇ ಕೊಟ್ಟಿದ್ದು, ಮಲ ಡಾಂಬರಿನಂತೆ ಕಪ್ಪಗೆ ಬಂದರೆ ಅಥವಾ ಒಸಡು ಕಂದುಬಣ್ಣಕ್ಕೆ ತಿರುಗಿದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಬೈಸಿಕೊಳ್ಳುವ ಸಂಕೋಚಕ್ಕೆ ಮಾತ್ರೆಯ ವಿಷಯ ಬಚ್ಚಿಟ್ಟು ನಮ್ಮನ್ನು ದಾರಿ ತಪ್ಪಿಸುವವರೇ ಹೆಚ್ಚು.

ಪ್ರಶ್ನೆ: ಏಳು ವರ್ಷದ ಹೆಣ್ಣು ಪಮೇರಿಯನ್ ಬಹಳ ನೀರು ಕುಡಿಯುತ್ತಿದೆ, ರಾತ್ರಿ ಮನೆಯೊಳಗೇ ಮೂತ್ರ ಮಾಡುತ್ತದೆ, ಹಿಂಭಾಗವನ್ನು ನೆಕ್ಕುತ್ತಲೇ ಇರುತ್ತದೆ. ಬೆದೆಗೆ ಬಂದು ಒಂದೂವರೆ ತಿಂಗಳಾಯಿತು. ವಯಸ್ಸಿನ ಪ್ರಭಾವವೇ? (ಮುಳಬಾಗಿಲು)

ಉತ್ತರ: ಬೆದೆಯ ದಿನವನ್ನು ನೆನಪಿಟ್ಟು ಬರೆದದ್ದು ಬಹಳ ಒಳ್ಳೆಯದಾಯಿತು, ಇಡೀ ಪತ್ರದ ಕೀಲಿ ಅದೇ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ, ನಡುವಯಸ್ಸು ದಾಟಿದ ಹೆಣ್ಣು ನಾಯಿ ಬೆದೆ ಮುಗಿದು ನಾಲ್ಕರಿಂದ ಎಂಟು ವಾರಗಳೊಳಗೆ ಹೆಚ್ಚು ನೀರು ಕುಡಿಯತೊಡಗಿದರೆ ಮೊದಲು ಗರ್ಭಕೋಶದಲ್ಲಿ ಕೀವು ತುಂಬಿದೆಯೇ ಎಂದು ನೋಡಬೇಕು. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರುತ್ತದೆ, ಅದನ್ನೇ ಅದು ನೆಕ್ಕುತ್ತಿರುವುದು. ನೆಕ್ಕಿ ಶುಚಿ ಮಾಡಿಕೊಳ್ಳುವುದರಿಂದ ಮನೆಯವರಿಗೆ ಕಲೆ ಕೂಡ ಕಾಣದಿರಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಸೋರದೆ ಹೊಟ್ಟೆ ಉಬ್ಬುತ್ತದೆ, ವಿಷ ರಕ್ತಕ್ಕೇರುತ್ತದೆ. ಅದು ಇನ್ನೂ ಕಠಿಣ.

ಎಷ್ಟು ನೀರು ಕುಡಿದರೆ ಹೆಚ್ಚು ಎಂಬ ಪ್ರಶ್ನೆ ಸಹಜ. ಬೆಳಿಗ್ಗೆ ಅಳೆದು ಬಟ್ಟಲಿಗೆ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಕಿಲೋ ತೂಕಕ್ಕೆ ದಿನಕ್ಕೆ 50-60 ಮಿಲಿಲೀಟರ್ ಸಾಧಾರಣ, 100 ಮಿಲಿಲೀಟರ್ ಮೀರಿದರೆ ಕಾಯಿಲೆ ಎಂದೇ ಹುಡುಕಬೇಕು. ಐದು ಕಿಲೋ ತೂಗುವ ಪಮೇರಿಯನ್ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವಂತಿಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳಲ್ಲಿಯೂ ಹೀಗಾಗುತ್ತದೆ, ಅವನ್ನು ರಕ್ತಪರೀಕ್ಷೆ ತಿಳಿಸುತ್ತದೆ. ಗರ್ಭಕೋಶದ ಕೀವಾದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೇ ಭದ್ರವಾದ ದಾರಿ.

ಪ್ರಶ್ನೆ: ನಾಯಿ ಗರಿಕೆ ತಿನ್ನುವುದು ಕಾಯಿಲೆಯ ಲಕ್ಷಣವೇ? (ಮಾಲೂರು)

ಉತ್ತರ: ಬಹುಪಾಲು ಅಲ್ಲ. ದಿನವೂ ತಿಂದು ದಿನವೂ ವಾಂತಿ ಮಾಡಿದರೆ ತೋರಿಸಿ. ಜಂತುಹುಳುವಿನ ಔಷಧ ಕೊಟ್ಟು ಮೂರು ತಿಂಗಳಾಗಿದ್ದರೆ ಅದನ್ನೂ ಕೊಟ್ಟುಬಿಡಿ.

ಪ್ರಶ್ನೆ: ನಿನ್ನೆಯಿಂದ ನಮ್ಮ ನಾಯಿಯ ಬೊಗಳುವ ದನಿಯೇ ಬೇರೆಯಾಗಿದೆ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದೆ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕೆಂದು ನಾನೂ ನನ್ನ ಮಗನೂ ಬಾಯೊಳಗೆ ಕೈ ಹಾಕಿ ನೋಡಿದೆವು, ಏನೂ ಸಿಗಲಿಲ್ಲ. ನೀರಿಗೆ ಹೆದರುತ್ತಿಲ್ಲ, ಬಟ್ಟಲಿನ ಬಳಿ ತಾನೇ ಹೋಗುತ್ತದೆ, ಆದ್ದರಿಂದ ಹುಚ್ಚು ಇರಲಾರದಲ್ಲವೇ? (ಕೆ.ಜಿ.ಎಫ್.)

ಉತ್ತರ: ಈ ಪತ್ರ ಕೈ ಸೇರಿದ ಸಂಜೆಯೇ ಸಂಪಾದಕರ ಮೂಲಕ ಇವರನ್ನು ಸಂಪರ್ಕಿಸಿ ಕೆಳಗಿನದನ್ನೆಲ್ಲ ತಿಳಿಸಿದ್ದೇನೆ. ನೀರಿಗೆ ಹೆದರುವುದು ಹುಚ್ಚುನಾಯಿ ಕಾಯಿಲೆ ಅಂಟಿದ ಮನುಷ್ಯರ ಲಕ್ಷಣ, ನಾಯಿಯ ಲಕ್ಷಣವಲ್ಲ. ಕಾಯಿಲೆಯ ನಾಯಿ ನೀರಿನ ಬಳಿ ಹೋಗುತ್ತದೆ, ಬಾಯನ್ನೂ ಹಾಕುತ್ತದೆ, ಗಂಟಲಿನ ಸ್ನಾಯುಗಳು ಸೋತಿರುವುದರಿಂದ ನುಂಗಲಾಗುವುದಿಲ್ಲ. ಕಂಡಕಂಡವರನ್ನು ಕಚ್ಚುತ್ತ ಓಡುವುದು ಈ ಕಾಯಿಲೆಯ ಒಂದು ರೂಪ ಮಾತ್ರ. ಇನ್ನೊಂದು ರೂಪದಲ್ಲಿ ನಾಯಿ ಸದ್ದಿಲ್ಲದೆ ಕತ್ತಲೆ ಹುಡುಕಿ ಮಲಗುತ್ತದೆ, ದವಡೆ ಜೋಲುತ್ತದೆ, ದನಿ ಒಡೆಯುತ್ತದೆ, ಹಿಂಗಾಲು ಸೋಲುತ್ತವೆ. ನೋಡಿದವರಿಗೆ ಥೇಟ್ ಮೂಳೆ ಸಿಕ್ಕಿಕೊಂಡಂತೆಯೇ ಕಾಣುವುದರಿಂದ ಪ್ರೀತಿಯಿಂದ ಬಾಯಿಗೆ ಕೈ ಹಾಕುವವರು ಮನೆಯವರೇ. ದನಿ ಬದಲಾದ, ದವಡೆ ಜೋತ ನಾಯಿಯ ಬಾಯಿಗೆ ಯಾರೂ ಕೈ ಹಾಕಬಾರದು. ನಾವು ಪಶುವೈದ್ಯರೂ ಕೈಗವಸಿಲ್ಲದೆ ಹಾಕುವುದಿಲ್ಲ.

ತಾವೂ ತಮ್ಮ ಮಗನೂ ಕೈಯನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಬೇಕು. ನಾಯಿ ಕಚ್ಚಿಲ್ಲವಲ್ಲ ಎನ್ನಬೇಡಿ. ಉಗುರಿನ ಸಂದಿನ ಸಣ್ಣ ಗಾಯಕ್ಕೆ ಜೊಲ್ಲು ತಾಗಿದರೂ ಸಾಕು, ಕಾಯಿಲೆ ಒಮ್ಮೆ ಮನುಷ್ಯರಲ್ಲಿ ಕಾಣಿಸಿಕೊಂಡರೆ ಉಳಿಸುವ ಔಷಧವಿಲ್ಲ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನಗಳಂದು ಹಾಕಿಸಿಕೊಳ್ಳಬೇಕು, ನಡುವೆ ಬಿಡುವಂತಿಲ್ಲ. ಗಾಯವಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂಬುದನ್ನು ಅಲ್ಲಿನ ವೈದ್ಯರು ನಿರ್ಧರಿಸುತ್ತಾರೆ. ನಾಯಿಯನ್ನು ಹೊಡೆಯುವುದೂ ಬೇಡ, ಬೀದಿಗೆ ಬಿಡುವುದೂ ಬೇಡ. ಯಾರೂ ಹತ್ತಿರ ಹೋಗದಂತೆ ಒಂದು ಕೋಣೆಯಲ್ಲಿ ಕೂಡಿಹಾಕಿ ಪಶು ಆಸ್ಪತ್ರೆಗೆ ತಿಳಿಸಿ. ಈ ಲಕ್ಷಣಗಳು ಹುಚ್ಚಿನವೇ ಆಗಿದ್ದರೆ ನಾಯಿ ಹತ್ತು ದಿನದೊಳಗೆ ಸಾಯುತ್ತದೆ. ಆದರೆ ಅದೇನಾಗುತ್ತದೋ ನೋಡಿ ಆಮೇಲೆ ಲಸಿಕೆ ಎಂದು ತಾವು ಕಾಯುವಂತಿಲ್ಲ. ಕಳೆದ ವಾರ ಅದರ ಎಂಜಲು ಬಟ್ಟಲು ತೊಳೆದವರು, ಅದು ಮುಖ ನೆಕ್ಕಿದ ಪಕ್ಕದ ಮನೆಯ ಮಗು, ಜೊತೆಗೆ ಮಲಗುತ್ತಿದ್ದ ಇನ್ನೊಂದು ನಾಯಿ ಇವರನ್ನೆಲ್ಲ ನೆನಪು ಮಾಡಿಕೊಂಡು ಪಟ್ಟಿ ಬರೆದುಕೊಂಡು ಹೋಗಿ, ಏಕೆಂದರೆ ಲಕ್ಷಣ ಕಾಣುವ ಕೆಲವು ದಿನ ಮೊದಲಿಂದಲೇ ಜೊಲ್ಲಿನಲ್ಲಿ ವೈರಾಣು ಇರುತ್ತದೆ.